ವಿಮಾನದ ವಾಂತಿ ಕವರ್ ಕೂಡಿಡೋದು ಹೇಗೆ

ಚಿಕ್ಕಬಳ್ಳಾಪುರದಲ್ಲಿ ಇದನ್ನು ಶುರು ಮಾಡೋಕೆ ನೀವೇ ವಿಮಾನ ಹತ್ತಬೇಕು ಅಂತೇನಿಲ್ಲ. ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದಲ್ಲೇ ಇದೆ, ದುಬೈಗೋ ದೆಹಲಿಗೋ ಹೋಗಿಬರುವವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಅವರು ಹೊರಡುವ ಮುಂಚೆಯೇ ಹೇಳಿಡಿ: "ಅಣ್ಣಾ, ಸೀಟಿನ ಮುಂದಿನ ಜೇಬಲ್ಲಿ ವಾಂತಿ ಕವರ್ ಇರುತ್ತೆ, ನಿಮಗೆ ಬೇಕಾಗದಿದ್ರೆ ಮುದುಡದ ಹಾಗೆ ತಗೊಂಡ್ ಬನ್ನಿ." ನನ್ನ ಮೊದಲ ಹತ್ತು ಕವರ್ ಹೀಗೇ ಬಂದವು. ತಮ್ಮ ಸೀಟಿನದ್ದು ಮಾತ್ರ ತರಲಿ, ಸಿಬ್ಬಂದಿಗೆ ಹೇಳಿಯೇ ತರಲಿ. ಆಮೇಲೆ ಅಲ್ಲಿ ಕೂರುವವರಿಗೆ ಅದು ನಿಜಕ್ಕೂ ಬೇಕಾಗಬಹುದು. ನಂದಿ ಬೆಟ್ಟದ ತಿರುವುಗಳಲ್ಲಿ ಮಕ್ಕಳನ್ನು ಕರ್ಕೊಂಡು ಹೋದವರಿಗೆ ಇದು ಚೆನ್ನಾಗಿ ಗೊತ್ತು.

ಕವರ್ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಫ್ಲೈಟ್ ನಂಬರ್ ಬರೆಯಿರಿ. ಕವರ್ ಮೇಲೆ ಮಾತ್ರ ಏನೂ ಗೀಚಬೇಡಿ.

ಡಿಸೈನ್ ಬದಲಾಗಿದ್ದನ್ನು ಹುಡುಕೋದೇ ಇದರ ರುಚಿ. ಏರ್ ಇಂಡಿಯಾ ಕಡೆಯಿಂದ ಶುರು ಮಾಡಿ, ಅಲ್ಲಿ ಕಲಿಯೋಕೆ ಜಾಸ್ತಿ ಇದೆ. ಕವರ್ ಮೇಲೆ 'ಇಂಡಿಯನ್ ಏರ್‌ಲೈನ್ಸ್' ಅಂತ ಇದ್ದರೆ ಅದು 2005ರ ಡಿಸೆಂಬರ್‌ಗಿಂತ ಮುಂಚಿನ ಡಿಸೈನ್. ಬರೀ 'ಇಂಡಿಯನ್' ಅಂತಿದ್ದು ಕೋನಾರ್ಕ್ ಚಕ್ರದ ಗುರುತಿದ್ದರೆ ಅದರ ನಂತರದ್ದು. ಆಗ ಅದು ಏರ್ ಇಂಡಿಯಾದಿಂದ ಬೇರೆ ಕಂಪನಿ. 2007ರಲ್ಲಿ ಎರಡೂ ಒಂದಾದವು, ಆಗ ಬಂದಿದ್ದು ಕೆಂಪು ಹಂಸದೊಳಗೆ ಕಿತ್ತಳೆ ಚಕ್ರ. 2023ರ ಆಗಸ್ಟ್‌ನಲ್ಲಿ ಮತ್ತೆ ಹೊಸ ಲೋಗೋ. ಆದರೆ ಹಳೆ ಸ್ಟಾಕ್ ಮುಗಿಯೋ ತನಕ ಹಳೆ ಕವರೂ ಸೀಟಿನ ಜೇಬಿನಲ್ಲಿ ಉಳಿದಿರಬಹುದು, ಹಾಗಾಗಿ ಲೋಗೋ ನೋಡಿದರೆ ಡಿಸೈನ್ ಯಾವಾಗ ಶುರುವಾಯಿತು ಅಂತಷ್ಟೇ ತಿಳಿಯುತ್ತದೆ, ಎಲ್ಲಿಯ ತನಕ ಓಡಿತು ಅನ್ನೋದು ನೀವು ಬರೆದಿಟ್ಟ ಚೀಟಿಯಿಂದಲೇ ಗೊತ್ತಾಗಬೇಕು.

ಕವರಿನ ಒಳಗೆ ಒಮ್ಮೆ ಬೆರಳಾಡಿಸಿ. ನುಣ್ಣಗೆ ತಾಗುವ ಪ್ಲಾಸ್ಟಿಕ್ ಪದರವೇ ಒದ್ದೆ ಹೊರಬರದಂತೆ ತಡೆಯೋದು. 1949ರಲ್ಲಿ ಗಿಲ್ಮೋರ್ ಶೆಲ್ಡಾಲ್ ಅನ್ನುವವರು ಅಮೆರಿಕದ ನಾರ್ತ್‌ವೆಸ್ಟ್ ಓರಿಯಂಟ್ ವಿಮಾನ ಕಂಪನಿಗಾಗಿ ಇಂಥ ಕವರ್ ಮಾಡಿದರು. ತಳದ ಮಡಿಕೆಯನ್ನೂ ಬಿಡಿಸಿ ನೋಡಿ. ಕೆಲವದರಲ್ಲಿ ಮುದ್ರಿಸಿದವರ ಹೆಸರು, ಸಣ್ಣ ಕೋಡ್ ಇರುತ್ತದೆ. ಎರಡು ಕವರ್ ಒಂದೇ ಥರ ಕಂಡರೂ ಕೋಡ್ ಬೇರೆಯಾದರೆ ಎರಡನ್ನೂ ಇಟ್ಟುಕೊಳ್ಳಿ.

ನಿಂತುಹೋದ ಕಂಪನಿಗಳ ಕವರ್ ಸಿಕ್ಕರೆ ಬಿಡಲೇಬೇಡಿ. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಜೊತೆ ಸೇರಿತು. ನಮ್ಮ ಬೆಂಗಳೂರಿಂದಲೇ 2003ರಲ್ಲಿ ಹಾರಾಟ ಶುರು ಮಾಡಿದ ಏರ್ ಡೆಕ್ಕನ್ ಕವರ್ ನನಗಂತೂ ಎಲ್ಲಕ್ಕಿಂತ ಇಷ್ಟ, ಹಳೆ ಸೂಟ್‌ಕೇಸ್‌ಗಳಲ್ಲಿ, ಪುಸ್ತಕದ ನಡುವೆ ಹುಡುಕೋಕೆ ನೆಂಟರಿಗೆ ಹೇಳಿ.

ನೆದರ್‌ಲ್ಯಾಂಡ್ಸ್‌ನ ನೀಕ್ ವರ್ಮ್ಯೂಲೆನ್ 6,290 ಕವರ್ ಕೂಡಿಸಿ ಗಿನ್ನೆಸ್ ದಾಖಲೆ ಮಾಡಿದ್ದಾರೆ. ನೀವು ಆ ಲೆಕ್ಕದ ಹಿಂದೆ ಬೀಳೋದು ಬೇಡ. ಒಂದೇ ಕಂಪನಿಯ ಎಂಟು ಕವರ್ ಸಾಲಾಗಿ ಜೋಡಿಸಿದರೆ, ಸುಮ್ನೆ ಗುಡ್ಡೆ ಹಾಕಿದ ನೂರಕ್ಕಿಂತ ಜಾಸ್ತಿ ವಿಷಯ ಸಿಗುತ್ತದೆ.

ಇನ್ನು ಇಡೋ ವಿಷಯ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ನಾನು ಮೂರು ಡೆಕ್ಕನ್ ಕವರಿಗೆ ಬ್ಯಾಂಡ್ ಹಾಕಿ ಶೀಟ್ ಮನೆಯ ಅಟ್ಟದಲ್ಲಿಟ್ಟಿದ್ದೆ. ಬೇಸಿಗೆಯ ಸೆಕೆಗೆ ರಬ್ಬರ್ ಕರಗಿ ಅಂಟಿಕೊಂಡಿತು, ಎಳೆದಾಗ ಬಣ್ಣದ ಸಮೇತ ಕಾಗದವೇ ಕಿತ್ತು ಬಂತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆಗಳ ಫೈಲ್ ತಗೊಳ್ಳಿ. ಹಾಳೆಗೊಂದು ಕವರ್, ಅದರ ಹಿಂದೆ ಚೀಟಿ. ಫೈಲನ್ನು ಬೀರುವಿನಲ್ಲಿ ಮಲಗಿಸಿಡಿ, ಬಿಸಿಲು ಬೀಳದ ಕಡೆ.