‘ಅ’ಗಿಂತ ಮೊದಲು ‘ರ’: ನಲಿ-ಕಲಿ ಕೋಣೆಯಲ್ಲಿ ಓದು, ಲೆಕ್ಕ ಕಲಿಸುವ ಬಗೆ

ಮಗು ಒಂದನೇ ತರಗತಿಗೆ ಸೇರಿ ತಿಂಗಳಾಯಿತು, ಇನ್ನೂ ‘ಅ ಆ ಇ ಈ’ ಬರೆಯಲು ಬರುವುದಿಲ್ಲ ಎಂದು ಕೊರಗುವ ತಂದೆತಾಯಂದಿರು ಈಗಲೂ ಇದ್ದಾರೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ನಲಿಯುತ್ತ ಕಲಿಯುವ ‘ನಲಿ-ಕಲಿ’ ಪದ್ಧತಿಯ ಕೋಣೆಯಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಎಂದು. ಅ, ಆ, ಇ, ಈ ನಾಲ್ಕನ್ನೂ ಹೇಗೆ ಜೋಡಿಸಿದರೂ ಒಂದು ವಸ್ತುವಿನ ಹೆಸರು ಹುಟ್ಟುವುದಿಲ್ಲ. ಈ ಐದರಿಂದಲಾದರೆ ಸರ, ರಸ, ದರ, ಅಗಸ, ಅರಸ, ಗರಗಸ. ಕಾಗುಣಿತ ಬೇಡ, ಒತ್ತು ಬೇಡ. 49 ಅಕ್ಷರ ಬಾಯಿಪಾಠವಾಗುವ ತನಕ ಕಾಯದೆ, ಐದೇ ಅಕ್ಷರಕ್ಕೆ ಮಗು ‘ಓದಿದೆ’ ಎನ್ನಿಸಿಕೊಳ್ಳುತ್ತದೆ. ಮುಂದಿನ ಗುಂಪು ಜ, ವ, ಮ, ಬ, ನ ಬಂದಮೇಲೆ ಮರ, ವನ, ಜನ, ಬಸವ ಎಲ್ಲವೂ ಕೈಗೆ ಸಿಗುತ್ತವೆ.

1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿಬಂದು, ತಾವೇ ಕಲಿಕೆಯ ಕಾರ್ಡು ಬರೆದು ಕಟ್ಟಿದ ಕ್ರಮ ಇದು. 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ.

ಕೂರಿಸುವುದು ಹೀಗೆ

ಮಕ್ಕಳು ಐದು ‘ತಟ್ಟೆ’ಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಅರ್ಧ ನೆರವು. ಮೂರು ಮತ್ತು ನಾಲ್ಕನೆಯವು ಗೆಳೆಯರ ನೆರವಿನವು, ಐದನೆಯದು ಸ್ವಂತ ಕಲಿಕೆ. ಕಲಿಯುವ ಕ್ರಮವನ್ನು ಮೆಟ್ಟಿಲಾಗಿ ತೋರಿಸುವ, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ ಇರುವುದರಿಂದ, ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಈ ಪದ್ಧತಿಯ ನಿಜವಾದ ಬಲ ಇದು. ಶಿಕ್ಷಕರು ಮೇಜಿಗೆ ಹೋಗಿ ದಾಖಲೆ ಬರೆಯುತ್ತ ಕೂತರೆ ಮೊದಲು ಸೊರಗುವುದು ಒಂದನೇ ತಟ್ಟೆ. ಆದ್ದರಿಂದ ಶಿಕ್ಷಕರ ಜಾಗ ಅಲ್ಲೇ, ನೆಲದ ಮೇಲೆ.

ಐದು ಅಕ್ಷರ, ಎಂಟು ಚೀಟಿ

ಹಳೆಯ ಮದುವೆ ಕರೆಯೋಲೆಯ ರಟ್ಟು ಸಾಕು. ರ, ಗ, ಸ ತಲಾ ಎರಡು, ದ, ಅ ತಲಾ ಒಂದು ಚೀಟಿ ಕತ್ತರಿಸಿ. ಇಬ್ಬರು ಮಕ್ಕಳಿಗೆ ಇಂಥ ಒಂದು ಕಟ್ಟು.

ಮೊದಲು ಕಿವಿಯ ಕೆಲಸ. ಗರಗಸದ ಚಿತ್ರ ತೋರಿಸಿ, ಅದರಿಂದ ಏನು ಮಾಡುತ್ತಾರೆ ಎಂದು ಮಾತಾಡಿಸಿ, ಗ-ರ-ಗ-ಸ ಎಂದು ನಾಲ್ಕು ಚಪ್ಪಾಳೆ ಹೊಡೆಸಿ. ‘ಮೊದಲ ಚಪ್ಪಾಳೆಯ ಸದ್ದು ಇನ್ನೆಲ್ಲಿ ಬಂತು?’ ಎಂದು ಕೇಳಿ. ಮೂರನೆಯದು ಎಂದು ಹೇಳುವ ಮಗುವಿಗೆ ಅಕ್ಷರ ತೋರಿಸುವ ಹೊತ್ತು ಬಂದಿದೆ. ಆಮೇಲೆ ಮರಳಿನ ಮೇಲೆ ಬೆರಳು, ಅಕ್ಷರದ ಮೇಲೆ ಹುಣಸೆಬೀಜ, ಕೊನೆಗೆ ಗೋಡೆಯ ಕೆಳಹಲಗೆಯಲ್ಲಿ ಬಳಪ. ಚೀಟಿ ಜೋಡಿಸಿ ಪದ ಕಟ್ಟುವುದು ಇವೆಲ್ಲದರ ನಂತರ.

ಇಲ್ಲಿ ಮೋಸ ಹೋಗುವುದು ಸುಲಭ. ಚಿತ್ರ ನೋಡಿಯೋ, ಪಕ್ಕದವರ ದನಿ ಕೇಳಿಯೋ ಮಗು ‘ಅರಸ’ ಎಂದುಬಿಡುತ್ತದೆ. ‘ದಗಸ’ ಎಂದು ಅರ್ಥವೇ ಇಲ್ಲದ್ದನ್ನು ಜೋಡಿಸಿ ಓದಿಸಿ ನೋಡಿ. ಓದಿದರೆ ಅಕ್ಷರ ಬಂದಿದೆ. ‘ಅಗಸ’ ಎಂದರೆ ಇನ್ನೂ ನೆನಪಿನಿಂದ ಹೇಳುತ್ತಿದೆ ಎಂದರ್ಥ.

ಕಾಗುಣಿತದಲ್ಲೂ ಇದೇ ಕಷ್ಟ. ‘ಕ ಕಾ ಕಿ ಕೀ’ ರಾಗವಾಗಿ ಹಾಡುವ ಮಗುವಿಗೆ ‘ಕೀ’ ಒಂದನ್ನೇ ತೋರಿಸಿದರೆ ಮತ್ತೆ ‘ಕ’ದಿಂದ ಶುರುಮಾಡುತ್ತದೆ. ಅದಕ್ಕೇ ಇಡೀ ಸಾಲು ಒಟ್ಟಿಗೆ ಬೇಡ; ಸರ–ಸಾರ, ದರ–ದಾರ ಎಂದು ಜೋಡಿಯಾಗಿ ತಂದು ‘ಇಳಿ’ ಎಂಬ ದೀರ್ಘದ ಗುರುತಿನ ಕೆಲಸವನ್ನು ಕಿವಿಗೆ ಹಿಡಿಸಿ. ‘ವು’ ಮತ್ತು ‘ಮ’ ಅದಲುಬದಲಾಗುವುದು ಬಹಳ ಸಾಮಾನ್ಯ. ‘ವು’ವಿನ ಕೊಂಬು ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದೇ ತೋರಿಸಬೇಕು.

ಒತ್ತಕ್ಷರವನ್ನು ಅಕ್ಕ, ಅಜ್ಜ, ಹಬ್ಬದಿಂದ ಶುರುಮಾಡಿ. ಅಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ರೂಪವೇ ಬೇರೆ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂದು ಅವಕ್ಕೆ ಪ್ರತ್ಯೇಕ ದಿನ ಕೊಡಿ. ಕೊನೆಯದು ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಸದ್ದು ಮೊದಲು, ಗುರುತು ಮಾತ್ರ ಕೊನೆಗೆ. ಮಗು ತಪ್ಪು ಓದಿದರೆ ಅದರ ತಪ್ಪಲ್ಲ, ಲಿಪಿಯೇ ಹಾಗಿದೆ. ದಯವಿಟ್ಟು ಅದಕ್ಕೆ ಬೈಯಬೇಡಿ.

ಲೆಕ್ಕಕ್ಕೆ ನೂರು ಕಡ್ಡಿ

ಒಂದು ತಟ್ಟೆಗೆ 100 ಪೊರಕೆಕಡ್ಡಿ, ಹತ್ತು ರಬ್ಬರ್ ಬ್ಯಾಂಡ್, ಒಂದು ಮುಷ್ಟಿ ಹುಣಸೆಬೀಜ. ಏಳು ಬೀಜ ಎಣಿಸಿದ ಮಗುವನ್ನು ‘ಒಟ್ಟು ಎಷ್ಟು?’ ಎಂದು ಕೇಳಿದಾಗ ಮತ್ತೆ ಒಂದರಿಂದ ಎಣಿಸಿದರೆ, ಕೊನೆಯ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಇನ್ನೂ ಹೊಳೆದಿಲ್ಲ. ಬಾಯಿ ಬೆರಳಿಗಿಂತ ಮುಂದೆ ಓಡುತ್ತಿದ್ದರೆ, ಎಣಿಸಿದ ಬೀಜವನ್ನು ಬಟ್ಟಲಿಗೆ ಹಾಕುತ್ತ ಹೋಗಲಿ.

ಹತ್ತು ಬಿಡಿ ಕಡ್ಡಿಯಾದ ತಕ್ಷಣ ಒಂದು ಕಟ್ಟು. ಕಟ್ಟುವುದು ಮಗುವಿನ ಕೈಯಲ್ಲೇ ಆಗಬೇಕು. ಕಟ್ಟಿಟ್ಟದ್ದನ್ನು ಕೊಟ್ಟರೆ ಅದೂ ಒಂದು ದಪ್ಪ ಕಡ್ಡಿಯಂತೆ ಕಾಣುತ್ತದೆ. ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ: ‘ಇಪ್ಪತ್ತೈದು’ ಎನ್ನುವಾಗ ಹತ್ತು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮದಂತೆಯೇ. ಹಿಂದಿಯ ‘ಪಚ್ಚೀಸ್’ನಲ್ಲಿ ಐದೇ ಮೊದಲು ಕೇಳಿಸುತ್ತದೆ. ಆದರೆ ಈ ಅನುಕೂಲದಿಂದಲೇ ಒಂದು ತಪ್ಪು ಹುಟ್ಟುತ್ತದೆ. ಕೇಳಿದಂತೆ ಬರೆಯುವ ಮಗು ಇಪ್ಪತ್ತು, ಐದು ಎಂದು 205 ಬರೆಯುತ್ತದೆ. ಪರಿಹಾರಕ್ಕೆ ಎರಡು ಚೀಟಿ: ಅಗಲದ್ದರಲ್ಲಿ 20, ಅದರ ಅರ್ಧದಷ್ಟರಲ್ಲಿ 5. ಐದನ್ನು ಸೊನ್ನೆಯ ಮೇಲೆ ಇಟ್ಟರೆ 25 ಕಾಣುತ್ತದೆ. ಎತ್ತಿದರೆ ಇಪ್ಪತ್ತು ಅಡಿಯಲ್ಲೇ ಇದೆ.

ದೊಡ್ಡ ತೊಡಕು ಕಳೆಯುವುದರಲ್ಲಿ. 42ರಲ್ಲಿ 17 ಕಳೆ ಎಂದರೆ ಹಲವು ಮಕ್ಕಳ ಉತ್ತರ 35. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ನಾವೇ ಹೇಳಿಕೊಟ್ಟ ನಿಯಮವನ್ನು ಅವು ಪ್ರಾಮಾಣಿಕವಾಗಿ ಪಾಲಿಸಿವೆ. ಆ ಮಾತನ್ನೇ ಬಿಡಿ. ನಾಲ್ಕು ಕಟ್ಟು, ಎರಡು ಬಿಡಿ ಎದುರಿಗಿಟ್ಟು ‘ಏಳು ಕಡ್ಡಿ ಕೊಡು’ ಎನ್ನಿ. ಎರಡೇ ಇದೆ. ಒಂದು ಕಟ್ಟಿನ ರಬ್ಬರ್ ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಒಂದು ಕಟ್ಟು ಕೊಟ್ಟರೆ ಎರಡು ಕಟ್ಟು ಉಳಿಯಿತು. 25. ಕಟ್ಟು ಬಿಚ್ಚಿದೊಡನೆ ಸ್ಲೇಟಿನಲ್ಲಿ 4 ಹೊಡೆದು 3 ಬರೆಯಲಿ, ಕೈ ಮಾಡಿದ್ದನ್ನೇ ಬರಹವೂ ಹೇಳಲಿ. ವಾರ ಕಳೆಯಿತು ಎಂದು ಕಡ್ಡಿ ಕಸಿದುಕೊಳ್ಳಬೇಡಿ. ಮಗುವೇ ಅದನ್ನು ಪಕ್ಕಕ್ಕೆ ಸರಿಸಿ ಸ್ಲೇಟು ಹಿಡಿಯುವವರೆಗೆ ಕಟ್ಟುಗಳು ತಟ್ಟೆಯಲ್ಲೇ ಇರಲಿ.