ಕಡ್ಡಿಯಿಂದ ಗುಲಾಬಿ, ತಾನಾಗೇ ಬರೋ ಹೂವು

ನಮ್ಮ ರಾಯಚೂರು ಬಿಸಿಲಾಗ ಗುಲಾಬಿ ಕಡ್ಡಿ ಹಚ್ಚಬೇಕಂದ್ರ ದೀಪಾವಳಿ ಮುಗಿದ ಮೇಲೆ ಹಚ್ರಿ, ಬ್ಯಾಸಗಿಯಾಗ ಬ್ಯಾಡ್ರಿ, ಒಣಗಿ ಹೋಗ್ತಾವ. ಒಮ್ಮೆ ಹೂ ಬಿಟ್ಟಿದ್ದ ಟೊಂಗಿ, ಪೆನ್ಸಿಲ್ ದಪ್ಪದ್ದು, 6-8 ಇಂಚು, 3-4 ಗಿಣ್ಣು ಇರೋವಂಥದ್ದು ತಗೊಂಡು ಕೆಳಗಿನ ಗಿಣ್ಣಿನ ಬುಡಕ್ಕ ಓರೆ ಕಟ್ ಮಾಡ್ರಿ, ಮ್ಯಾಲೆ ಎರಡು ಎಲಿ ಬಿಟ್ಟು ಉಳಿದದ್ದು ತೆಗೀರಿ. ನಾಟಿ ಗುಲಾಬಿ ಬೇಗ ಬೇರು ಬಿಡ್ತೈತಿ, ನರ್ಸರಿ ಹೈಬ್ರಿಡ್‌ಗಳು ಬಾಳ ಕಸಿ ಮಾಡಿದ್ದೇ ಇರ್ತಾವ, ಅವು ಕಡ್ಡಿಯಿಂದ ಬರೋದು ಸ್ವಲ್ಪ ಕಷ್ಟ.

ಬರೇ ಎರಿ ಮಣ್ಣಾಗ ಹಚ್ಚಬ್ಯಾಡ್ರಿ! ನೀರು ಹಿಡಕೊಂಡು ಕಡ್ಡಿ ಕೊಳೀತೈತಿ, ನಾನು ಮೊದಲ ವರ್ಷ ಹಂಗ ಮಾಡಿ ಎಲ್ಲಾ ಕಡ್ಡಿ ಕಳಕೊಂಡೆ, ಬಾಳ ಬ್ಯಾಸರ ಆಗಿತ್ತು. ಕೆಂಪು ಮಣ್ಣು ಉಸುಕು ಅರ್ಧಕ್ಕರ್ಧ ಕಲಿಸಿ, ಎರಡು ಗಿಣ್ಣು ಒಳಗ ಹೋಗೋ ಹಂಗ ನೆಟ್ಟು, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿ ನೆರಳಾಗ ಇಡ್ರಿ. ಚಿಗುರು ಬಂತಂತ ಕಿತ್ತು ನೋಡಬ್ಯಾಡ್ರಿ, ಬೇರಿಗಿಂತ ಮೊದಲು ಚಿಗುರು ಬರ್ತೈತಿ, 5-6 ವಾರ ತಡೀರಿ.

ಇನ್ನ ಚೆಂಡು ಹೂ, ಸಂಜೆಮಲ್ಲಿಗೆ, ಕರ್ಣಕುಂಡಲ ಇವಕ್ಕೆ ಯಾರೂ ಹಚ್ಚಬೇಕಂತಿಲ್ಲ, ನಾಲ್ಕು ಹೂ ಗಿಡದಾಗ ಒಣಗಾಕ ಬಿಟ್ರ ಬೀಜ ಉದುರಿ ಮುಂಗಾರಿಗೆ ತಾವೇ ಏಳ್ತಾವ. ಕರ್ಣಕುಂಡಲದ ಕಾಯಿ ಮಾಗಿದಾಗ ಮುಟ್ಟಿದ್ರ ಸಾಕು ಸಿಡೀತೈತಿ, ನಮ್ಮ ಮನಿ ಹುಡುಗ್ರಿಗೆ ಅದ ಆಟ. ಅದಕ್ಕ ಮಳಿ ಬಿದ್ದ ಮೇಲೆ ಕಳೆ ಕೀಳಾಕ ಅವಸರ ಮಾಡಬ್ಯಾಡ್ರಿ, 4 ಎಲಿ ಬರೋತನ ಬಿಟ್ಟು ಗುರುತು ಹಿಡೀರಿ, ಒತ್ತಾಗಿದ್ರ ಸಂಜಿ ಹೊತ್ತು ಮಣ್ಣು ಸಮೇತ ಎತ್ತಿ ಬ್ಯಾರೆ ಕಡೆ ಹಚ್ರಿ.