ಮಳೆಗಾಲಕ್ಕೆ ಮುನ್ನ ಡೀಸೆಲ್ ಟ್ಯಾಂಕ್ ನೋಡಿಕೊಳ್ಳಿ

ಕರಿದ ಎಣ್ಣೆಯನ್ನು ಸೋಸಿ ದೋಣಿಯ ಡೀಸೆಲ್‌ಗೆ ಬೆರೆಸಬಹುದೇ ಎಂದು ಮಲ್ಪೆ ಕಡೆಯ ಕೆಲವು ಮೀನುಗಾರರು ಕೇಳಿದ್ದರು. ಬೇಡ. ಸೋಸಿದ ಮಾತ್ರಕ್ಕೆ ಅದು ಬಯೋಡೀಸೆಲ್ (ಎಣ್ಣೆಯಿಂದ ತಯಾರಿಸುವ, ಡೀಸೆಲ್‌ನಂಥ ಇಂಧನ) ಆಗುವುದಿಲ್ಲ. ಮೆಥನಾಲ್ ಮತ್ತು ಕ್ಷಾರದೊಂದಿಗೆ ರಾಸಾಯನಿಕ ಕ್ರಿಯೆ ನಡೆಸಿ ಗ್ಲಿಸರಿನ್ ಬೇರ್ಪಡಿಸಬೇಕು. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದವಾದ್ದರಿಂದ ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ನ ತುದಿಯಲ್ಲಿ ಮಸಿ ಕಟ್ಟುತ್ತದೆ. ಅತಿ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ ಆದರಂತೂ ದುರಸ್ತಿಯ ಬಿಲ್ಲು ನೋಡಿದ ದಿನ ಬಂಗುಡೆ ಸಾರೂ ರುಚಿಸದು!

ಐಎಸ್ 15607 ಎಂಬ ಭಾರತೀಯ ಮಾನದಂಡದ ಬಯೋಡೀಸೆಲ್‌ನ ಮಾತು ಬೇರೆ. ಎಂಜಿನ್ ಕೈಪಿಡಿ ಒಪ್ಪಿದಷ್ಟೇ ಬೆರೆಸಿ. ಆದರೆ ಅದು ತೇವ ಹೀರುತ್ತದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ದೋಣಿ ನಿಂತಾಗ ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ಕೂಡಿ, ಸೂಕ್ಷ್ಮಜೀವಿ ಬೆಳೆದು, ಫಿಲ್ಟರಿನಲ್ಲಿ ಕಪ್ಪು ಲೋಳೆ ತುಂಬುತ್ತದೆ. ಟ್ಯಾಂಕ್ ತುಂಬಿಸಿಡಿ, ಇಂಧನದಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ, ಸೂಕ್ಷ್ಮಜೀವಿ ಕೊಲ್ಲುವ ಬಯೋಸೈಡ್ ಆಮೇಲೆ. ಸೀಟೇನ್ (ಡೀಸೆಲ್ ಬೇಗ ಹೊತ್ತಿಕೊಳ್ಳುವ ಗುಣ) ಹೆಚ್ಚಿಸುವ ಬಾಟಲಿ ದ್ರಾವಣ ಹಾಕಿದರೆ ಟ್ಯಾಂಕಿನ ನೀರು ಹೋಗುವುದಿಲ್ಲ.